ಬದಲಾವಣೆಯ ದಿನಗಳಲ್ಲಿ ದೇವರಲ್ಲಿ ಭರವಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನಮ್ಮ ಕ್ರೈಸ್ತ ಸಭೆಯಲ್ಲಿ ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಹಾಡು, ವಾಕ್ಯ, ಪ್ರಾರ್ಥನೆ ಎಲ್ಲ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆಯೇ ಜನ ಎದೆಯೊಳಗಿನ ಪ್ರಶ್ನೆಯನ್ನು ಹೊರಗೆ ತೆಗೆಯುತ್ತಾರೆ. ವರ್ಗಾವಣೆಯ ಆದೇಶ ಬಂದವರು, ತೋಟ ಮಾರಲು ಹೊರಟವರು, ಗಂಡನನ್ನು ಕಳೆದುಕೊಂಡವರು, ಮಗಳನ್ನು ವಿಮಾನ ಹತ್ತಿಸಿ ಬಂದವರು ಹೀಗೆ ಎಲ್ಲರೂ ಅಲ್ಲಿರುತ್ತಾರೆ. ನಾನು ದೇವಶಾಸ್ತ್ರ ಓದಿದವಳಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಸತ್ಯವೇದವನ್ನು, ಅಂದರೆ ಬೈಬಲನ್ನು, ದಿನವೂ ಓದುವವಳು. ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಆ ಪ್ರಶ್ನೆಗಳನ್ನು ನಾನೂ ಕೇಳಿಕೊಂಡಿದ್ದೇನೆ.

ದೇವರಲ್ಲಿ ಭರವಸೆ ಇಡುವುದು ಎಂದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ನಂಬುವುದೇ?

ನಾವು ಬಯಸಿದಂತೆ ಆಗುತ್ತದೆ ಎಂಬ ಮಾತು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಅಬ್ರಹಾಮನು ಖಾರಾನ್ ಪಟ್ಟಣವನ್ನು ಬಿಟ್ಟಾಗ ಅವನಿಗೆ 75 ವರ್ಷ. ಹೋಗಬೇಕಾದ ದೇಶದ ಹೆಸರನ್ನೂ ದೇವರು ಅವನಿಗೆ ಹೇಳಿರಲಿಲ್ಲ. ನಾನು ತೋರಿಸುತ್ತೇನೆ ಎಂದಷ್ಟೇ ಹೇಳಿದ್ದನು. ತಾನು ಹೋಗುವುದು ಎಲ್ಲಿಗೆ ಎಂದು ತಿಳಿಯದೆಯೇ ಅವನು ಹೊರಟನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ನೆನಪಿಸುತ್ತದೆ. ದಾರಿ ಗೊತ್ತಿಲ್ಲದಿದ್ದರೂ ಕರೆದವನು ಯಾರೆಂಬುದು ಅವನಿಗೆ ಗೊತ್ತಿತ್ತು.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದಿನದಿನವೂ ಆಹಾರವಾಗಿ ಬಿದ್ದ ಮನ್ನದ ಕಥೆಯನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದು ಓಮೆರ್. ನಮ್ಮ ಅಳತೆಯಲ್ಲಿ ಎರಡು ಲೀಟರಿಗಿಂತ ತುಸು ಹೆಚ್ಚು. ನಾಳೆಗೆಂದು ಎತ್ತಿಟ್ಟದ್ದಕ್ಕೆ ಹುಳು ಬಿತ್ತು. ಮುಂದಿನ ಹತ್ತು ವರ್ಷಗಳನ್ನು ದೇವರಿಗೆ ಒಪ್ಪಿಸಿಬಿಟ್ಟೆ ಎಂದು ಹೇಳುವ ಶಕ್ತಿ ನನಗೆ ಎಂದೂ ಬಂದಿಲ್ಲ. ಇವತ್ತಿನ ಮಟ್ಟಿಗೆ ಒಪ್ಪಿಸುತ್ತೇನೆ, ನಾಳೆ ಬೆಳಿಗ್ಗೆ ಮತ್ತೆ ಪಾತ್ರೆ ಹಿಡಿದು ಹೋಗುತ್ತೇನೆ. ಅನುದಿನದ ಆಹಾರವನ್ನು ದಿನದಿನವೂ ಕೇಳಲು ಯೇಸು ಸ್ವಾಮಿ ಕಲಿಸಿದ ಪ್ರಾರ್ಥನೆಯ ಅಳತೆಯೂ ಇಷ್ಟೇ.

ಊರು, ಚರ್ಚು, ಹಿರಿಯರ ಸಮಾಧಿ ಎಲ್ಲ ಬಿಟ್ಟು ಬಂದಿದ್ದೇವೆ. ದೇವರು ಅಲ್ಲಿಯೇ ಉಳಿದುಬಿಟ್ಟನೇನೋ ಅನ್ನಿಸುತ್ತದೆ. ಏನು ಮಾಡುವುದು?

ಒಮ್ಮೆ ಶೆಟ್ಟಿಹಳ್ಳಿಗೆ ಹೋಗಿ ಬನ್ನಿ. ಹಾಸನದಿಂದ ಸುಮಾರು 20 ಕಿ.ಮೀ. ದೂರ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿ ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ನಿಂತಿದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಈ ಹೊಳೆಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರು ಏರಿತು, ಊರಿನವರು ಎದ್ದು ಹೋದರು. ಮಳೆಗಾಲದಲ್ಲಿ ಕಮಾನುಗಳ ಅರ್ಧದವರೆಗೆ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ನೆಲದಲ್ಲಿ ದನ ಮೇಯುತ್ತವೆ. ಈಗ ಫೋಟೋ ತೆಗೆಸಿಕೊಳ್ಳಲು ಬರುವವರೇ ಹೆಚ್ಚು. ನಾನು ಅಲ್ಲಿಗೆ ಹೋದಾಗಲೆಲ್ಲ ಇಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳು, ಇಲ್ಲಿ ಮದುವೆಯಾದವರು ಎಲ್ಲಿ ಹೋಗಿ ಪ್ರಾರ್ಥಿಸಿದರು ಎಂದು ಯೋಚಿಸುತ್ತೇನೆ. ಹೊಸ ಜಾಗಗಳಲ್ಲಿ ಪ್ರಾರ್ಥಿಸಿದರು. ಗೋಡೆ ನೀರಿನಲ್ಲಿ ಉಳಿಯಿತು, ಜಪಮಾಲೆ ಕೈಯಲ್ಲಿ ಬಂತು.

ಇದಕ್ಕೆ ಜೋಡಿಯಾದ ಒಂದು ದರ್ಶನ ಸತ್ಯವೇದದಲ್ಲಿದೆ. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ ಹೋದ ಯೆಹೆಜ್ಕೇಲನು ಕೆಬಾರ್ ಎಂಬ ಕಾಲುವೆಯ ದಡದಲ್ಲಿ ಕುಳಿತಿದ್ದಾಗ ದೇವರ ಸಿಂಹಾಸನವನ್ನು ಕಂಡನು. ಅದರ ಕೆಳಗೆ ಚಕ್ರಗಳಿದ್ದವು! ಅವು ನಾಲ್ಕು ದಿಕ್ಕಿಗೂ ತಿರುಗದೆಯೇ ಚಲಿಸಬಲ್ಲವಾಗಿದ್ದವು. ದೇವಾಲಯದಲ್ಲಿ ಮಾತ್ರ ದೇವರು ಇರುತ್ತಾನೆ ಎಂದು ಬೆಳೆದಿದ್ದ ಜನರಿಗೆ ಪರದೇಶದ ಕಾಲುವೆಯ ದಂಡೆಯಲ್ಲಿ ಈ ದರ್ಶನ ಸಿಕ್ಕಿತು. ಚದರಿಹೋದ ದೇಶಗಳಲ್ಲಿ ಸ್ವಲ್ಪ ಕಾಲ ನಾನೇ ಅವರಿಗೆ ಪವಿತ್ರಾಲಯವಾಗಿದ್ದೇನೆ ಎಂದು ಅದೇ ಪುಸ್ತಕದ ಹನ್ನೊಂದನೆಯ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಬಾಡಿಗೆ ಮನೆಯ ಕಿರಿದಾದ ಅಡುಗೆಮನೆಯಲ್ಲಿ ಪ್ರಾರ್ಥನೆಗೆ ಕುಳಿತಾಗ ಈ ಮಾತನ್ನು ಗಟ್ಟಿಯಾಗಿ ಓದಿ.

ಹೊಸ ವರ್ಷದ ರಾತ್ರಿ ನನಗೆ ಬಂದ ವಾಗ್ದಾನ ಯೆರೆಮೀಯ 29:11. ಆದರೆ ಆ ವರ್ಷವೇ ಕೆಲಸ ಹೋಯಿತು. ವಾಗ್ದಾನ ಸುಳ್ಳಾಯಿತೇ?

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಚೀಟಿ ಎತ್ತುವಾಗ ನನ್ನ ಕೈಯೂ ನಡುಗುತ್ತದೆ. ಆ ಪದ್ಧತಿಯನ್ನು ಹಳಿಯಲಾರೆ, ಎಷ್ಟೋ ಮನೆಗಳಲ್ಲಿ ಆ ಚೀಟಿ ಒಂದು ವರ್ಷ ಕನ್ನಡಿಯ ಮೂಲೆಯಲ್ಲಿ ಸಿಕ್ಕಿಸಿಕೊಂಡು ಜನರನ್ನು ಕಾಪಾಡಿದೆ. ಆದರೆ ಒಂದು ವಾಕ್ಯವನ್ನು ಅದು ಬರೆದಿರುವ ಪತ್ರದಿಂದ ಕತ್ತರಿಸಿ ತೆಗೆದರೆ ಅರ್ಥ ಜಾರಿಹೋಗುತ್ತದೆ.

ಹಿತದ ಯೋಚನೆಗಳು, ಒಳ್ಳೆಯ ಗತಿ, ನಿರೀಕ್ಷೆ ಎಂದು ನಾವು ಬಾಯಿಪಾಠ ಮಾಡುವ ಆ ವಾಕ್ಯ ಒಂದು ಕಾಗದದ ನಡುವೆ ಬರುತ್ತದೆ. ಯೆರೆಮೀಯನು ಯೆರೂಸಲೇಮಿನಿಂದ ಬಾಬೆಲಿನ ಸೆರೆಯಾಳುಗಳಿಗೆ ಬರೆದ ಕಾಗದ ಅದು. ಅದಕ್ಕಿಂತ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷಗಳಲ್ಲಿ ಎಲ್ಲ ಸರಿಹೋಗುತ್ತದೆ, ಎಲ್ಲರೂ ಊರಿಗೆ ಮರಳುತ್ತಾರೆ ಎಂದು ದೇವರ ಹೆಸರಿನಲ್ಲಿ ಸಾರಿದ್ದನು. ಎಲ್ಲರಿಗೂ ಇಷ್ಟವಾದ ಆ ಮಾತು ದೇವರ ಮಾತಾಗಿರಲಿಲ್ಲ. ಯೆರೆಮೀಯನ ಕಾಗದದಲ್ಲಿ ಇದ್ದ ಲೆಕ್ಕ 70 ವರ್ಷ. ಅಂದರೆ ಕಾಗದ ಓದಿದ ವಯಸ್ಕರಲ್ಲಿ ಹೆಚ್ಚಿನವರು ಊರಿನ ಮುಖವನ್ನು ಮತ್ತೆ ನೋಡುವವರಲ್ಲ. ಅಂಥವರಿಗೆ ದೇವರು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಹೇಳಿಸಿದನು. ಇಷ್ಟೆಲ್ಲ ಆದ ಮೇಲೆ ಬರುತ್ತದೆ ನಿಮ್ಮ ಹನ್ನೊಂದನೆಯ ವಾಕ್ಯ.

ನಿಮ್ಮ ಚೀಟಿ ಸುಳ್ಳಾಗಿಲ್ಲ. ಕೆಲಸ ಹೋಗುವುದಿಲ್ಲ ಎಂದು ಅದು ಹೇಳಿರಲಿಲ್ಲ. ಕೆಲಸ ಹೋದ ಊರಿನಲ್ಲಿಯೂ ನಿಮ್ಮನ್ನು ಮರೆತಿಲ್ಲ ಎಂದು ಹೇಳಿತ್ತು. ಇದು ಚಿಕ್ಕ ಸಮಾಧಾನ ಅನ್ನಿಸಬಹುದು. ಕೆಲಸ ಕಳೆದುಕೊಂಡ ಎಂಟನೆಯ ತಿಂಗಳಿನಲ್ಲಿ ಅದು ಚಿಕ್ಕದಾಗಿ ಕಾಣುವುದಿಲ್ಲ ಎಂದು ನಮ್ಮ ಕೂಟದ ಒಬ್ಬ ಸಹೋದರ ಹೇಳಿದರು. ಅವರ ಮಾತನ್ನು ನಾನು ನಂಬುತ್ತೇನೆ.

ಹೆದರಿಕೆಯಾಗುತ್ತದೆ, ದೇವರ ಮೇಲೆ ಸಿಟ್ಟೂ ಬರುತ್ತದೆ. ಇದು ಅಪನಂಬಿಕೆಯೇ?

ಹಾಗಿದ್ದರೆ ಕೀರ್ತನೆಗಳ ಪುಸ್ತಕದ ದೊಡ್ಡ ಭಾಗವನ್ನೇ ಹರಿದು ತೆಗೆಯಬೇಕಾದೀತು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟ, ದೂರು, ಮೊರೆ. 13ನೆಯ ಕೀರ್ತನೆ ಎರಡೇ ವಾಕ್ಯಗಳಲ್ಲಿ ನಾಲ್ಕು ಸಲ ಎಷ್ಟರವರೆಗೆ ಎಂದು ಕೇಳುತ್ತದೆ. 88ನೆಯ ಕೀರ್ತನೆ ಕೊನೆಯವರೆಗೂ ತಿಳಿಯಾಗುವುದಿಲ್ಲ, ಕತ್ತಲೆ ಎಂಬ ಮಾತಿನಲ್ಲಿಯೇ ನಿಂತುಬಿಡುತ್ತದೆ. ಅದನ್ನೂ ಭಕ್ತರು ದೇವಾಲಯದಲ್ಲಿ ಹಾಡಿದರು. ಯೇಸು ಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?

ರೂತಳ ಪುಸ್ತಕದಲ್ಲಿ ನವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ಬೆತ್ಲೆಹೇಮಿಗೆ ಮರಳುತ್ತಾಳೆ. ಊರ ಹೆಂಗಸರು ಹೆಸರು ಹಿಡಿದು ಮಾತನಾಡಿಸಿದಾಗ, ನನ್ನನ್ನು ನವೊಮಿ ಎಂದು ಕರೆಯಬೇಡಿ, ಮಾರಾ ಎನ್ನಿ, ಅಂದರೆ ಕಹಿ, ಸರ್ವಶಕ್ತನು ನನಗೆ ಬಹಳ ದುಃಖ ಕೊಟ್ಟನು ಎಂದು ಬಾಯಿ ಬಿಟ್ಟು ಹೇಳುತ್ತಾಳೆ. ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ. ಆ ಪುಸ್ತಕದ ಕೊನೆಗೆ ಅವಳ ಮಡಿಲಲ್ಲಿ ಮೊಮ್ಮಗನಿದ್ದಾನೆ. ಆದರೆ ಮೊದಲ ಅಧ್ಯಾಯದಲ್ಲಿ ಅವಳು ಅತ್ತದ್ದು ತಪ್ಪಾಗಿತ್ತು ಎಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ.

ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನೂ ನೋಡಿ. ಬಿರುಗಾಳಿಯಲ್ಲಿ ದೋಣಿ ತುಂಬುತ್ತಿದೆ, ಸ್ವಾಮಿ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದಾನೆ. ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಜಬರಿಸಿದಂತೆಯೇ ಕೇಳುತ್ತಾರೆ. ಸ್ವಾಮಿ ಮೊದಲು ಗಾಳಿಯನ್ನು ಗದರಿಸಿದನು. ನಂಬಿಕೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಆಮೇಲೆ ಬಂತು. ಹೆದರಿದವರನ್ನು ಅವನು ದೋಣಿಯಿಂದ ಇಳಿಸಲಿಲ್ಲ. ಸಿಟ್ಟನ್ನು ದೇವರಿಂದ ಮುಚ್ಚಿಟ್ಟು ನಗುತ್ತ ಕೂರುವುದಕ್ಕಿಂತ, ಅವನ ಮುಂದೆಯೇ ಸುರಿದುಬಿಡುವುದು ಹೆಚ್ಚಿನ ನಂಬಿಕೆ ಎಂದು ನನ್ನ ಅನಿಸಿಕೆ.

ತೋಟ ಮಾರಿ ಬೆಂಗಳೂರಿಗೆ ಹೋಗಬೇಕೋ ಇಲ್ಲೇ ಇರಬೇಕೋ ತಿಳಿಯುತ್ತಿಲ್ಲ. ದೇವರ ಚಿತ್ತವನ್ನು ಹೇಗೆ ಅರಿಯುವುದು?

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಇತ್ತೀಚೆಗೆ ಹೆಚ್ಚು ಕೇಳುವ ಪ್ರಶ್ನೆ ಇದು. ಆನೆ ತೋಟಕ್ಕೆ ಇಳಿಯುತ್ತದೆ, ಕುಯ್ಲಿಗೆ ಆಳು ಸಿಗುವುದಿಲ್ಲ, ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಒಳಗಿನಿಂದ ತಿನ್ನುತ್ತದೆ, ಮಕ್ಕಳು ಆಗಲೇ ನಗರದಲ್ಲಿದ್ದಾರೆ.

ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಾಕ್ಯದಂತೆ ನಡೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಜ್ಕೀಯ ಅರಸನು ಮಾಡಿದಂತೆ ಮಾಡಿ. ಅಶ್ಶೂರದವರ ಬೆದರಿಕೆಯ ಪತ್ರ ಬಂದಾಗ ಅವನು ಅದನ್ನು ಓದಿ, ದೇವಾಲಯಕ್ಕೆ ಒಯ್ದು, ಯೆಹೋವನ ಮುಂದೆ ಬಿಚ್ಚಿ ಹರಡಿದನು. ಪಹಣಿ, ಬ್ಯಾಂಕಿನ ಸಾಲದ ಪತ್ರ, ಕಳೆದ ಐದು ವರ್ಷಗಳ ಖರ್ಚು ಆದಾಯದ ಲೆಕ್ಕ ಇವನ್ನೆಲ್ಲ ಮೇಜಿನ ಮೇಲೆ ಹರಡಿ ಪ್ರಾರ್ಥಿಸಿ. ಮನೆಯವರೆಲ್ಲ ಕುಳಿತು ಮಾತನಾಡಿ, ಬರಿಯ ಗಂಡಸರಲ್ಲ. ಹಣದ ವಿಷಯ ತಿಳಿದ ಒಬ್ಬರನ್ನೂ ಪ್ರಾರ್ಥನೆಯಲ್ಲಿ ನೆಲೆನಿಂತ ಒಬ್ಬರನ್ನೂ ಕೇಳಿ. ಆಮೇಲೆ ನಿರ್ಧರಿಸಿ.

ಬಾಗಿಲು ಮುಚ್ಚಿದರೆ ದೇವರು ಬೇಡವೆಂದ, ತೆರೆದರೆ ಹೌದೆಂದ ಎಂಬ ಲೆಕ್ಕಾಚಾರವೂ ಅಷ್ಟು ಸರಳವಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನಿಗೆ ಆಸ್ಯಸೀಮೆ ಮುಚ್ಚಿತು, ಬಿಥೂನ್ಯವೂ ಮುಚ್ಚಿತು. ತ್ರೋವದಲ್ಲಿ ರಾತ್ರಿ ದರ್ಶನವಾಗಿ ಮಕೆದೋನ್ಯಕ್ಕೆ ದಾಟಿದನು. ಇಷ್ಟು ಸ್ಪಷ್ಟವಾಗಿ ತೆರೆದ ದಾರಿಯಲ್ಲಿ ಅವನಿಗೆ ಸಿಕ್ಕಿದ್ದು ಲುದ್ಯಳ ಮನೆಯ ಆತಿಥ್ಯ, ಆಮೇಲೆ ಛಡಿ ಏಟು, ಫಿಲಿಪ್ಪಿಯ ಸೆರೆಮನೆ. ಕಷ್ಟ ಬಂದ ಮಾತ್ರಕ್ಕೆ ತಪ್ಪು ದಾರಿ ಹಿಡಿದೆವು ಎಂದು ತೀರ್ಮಾನಿಸಬೇಡಿ. ಎಲ್ಲ ಯೋಚಿಸಿ, ಪ್ರಾರ್ಥಿಸಿ ತೆಗೆದುಕೊಂಡ ನಿರ್ಧಾರ ಮುಂದೆ ತಪ್ಪೆಂದು ಕಂಡರೂ ದೇವರು ನಿಮ್ಮ ಕೈಬಿಡುವುದಿಲ್ಲ. ಈ ಮಾತನ್ನು ಕೇಳಿ ಒಬ್ಬ ತಾಯಿ ನಮ್ಮ ಮನೆಯಲ್ಲಿಯೇ ಗಳಗಳನೆ ಅತ್ತುಬಿಟ್ಟರು. ಅವರು ತೋಟ ಮಾರಿ ಆರು ವರ್ಷವಾಗಿತ್ತು.

ವಿಮೆ, ಉಳಿತಾಯ, ಮುಂದಿನ ಯೋಜನೆ ಮಾಡಿದರೆ ದೇವರನ್ನು ನಂಬಲಿಲ್ಲವೆಂದು ಅರ್ಥವೇ?

ಖಂಡಿತ ಅಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂಬ ಗಾದೆಯನ್ನು ಕೈಕಟ್ಟಿ ಕೂರುವುದಕ್ಕೆ ನೆಪ ಮಾಡಿಕೊಳ್ಳಬಾರದು. ಯೋಸೇಫನು ಏಳು ಸುಭಿಕ್ಷ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕಣಜಕ್ಕೆ ಹಾಕಿಸಿದನು. ಯೆರೆಮೀಯನು ಬಾಬೆಲಿನ ದಂಡು ಪಟ್ಟಣವನ್ನು ಮುತ್ತಿಕೊಂಡಿದ್ದಾಗಲೇ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಸಾಕ್ಷಿಗಳ ಎದುರು ಕ್ರಯಪತ್ರ ಬರೆಸಿ, ಅದು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಕಾಗದಪತ್ರ ಸರಿಯಾಗಿ ಇಟ್ಟುಕೊಳ್ಳುವುದೂ ನಂಬಿಕೆಯ ಕೆಲಸವೇ. ನಿಮ್ಮ ಮೆಡಿಕ್ಲೇಮ್ ಕಂತು ಕಟ್ಟಿ.

ಬೆಳೆ ಕೈಕೊಟ್ಟಿತು, ಮಳೆ ಮನೆಯನ್ನೇ ಕೊಚ್ಚಿಕೊಂಡು ಹೋಯಿತು. ಇಂಥ ವರ್ಷ ಸ್ತೋತ್ರ ಹೇಗೆ ಹೇಳುವುದು?

ಕಾಫಿ ಸೀಮೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂ ಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ಮೊಗ್ಗೆಲ್ಲ ಒಮ್ಮೆಲೇ ಅರಳಿ ಗುಡ್ಡವಿಡೀ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ಮನೆಯೊಳಗೆ ಬರುತ್ತದೆ. ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ಕಚ್ಚುವುದಿಲ್ಲ. ಕುಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ ಹಣ್ಣು ನೆಲದ ಪಾಲು, ಕಣದಲ್ಲಿ ಹರವಿದ ಕಾಫಿಗೆ ಬೂಷ್ಟು. ಇಡೀ ವರ್ಷದ ಬದುಕು ಎರಡು ಮೂರು ಮಳೆಗಳ ಕೈಯಲ್ಲಿದೆ.

ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಎಣ್ಣೆಮರದ ದುಡಿಮೆ ವ್ಯರ್ಥವಾದರೂ, ಹಟ್ಟಿಯಲ್ಲಿ ಕುರಿಯಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಹಬಕ್ಕೂಕನು ತನ್ನ ಮೂರನೆಯ ಅಧ್ಯಾಯದಲ್ಲಿ ಹಾಡಿದನು. ಅದಕ್ಕೆ ಮುಂಚಿನ ವಾಕ್ಯದಲ್ಲಿ ಅವನ ತುಟಿ ಅದುರುತ್ತಿತ್ತು, ಕಾಲು ನಡುಗುತ್ತಿತ್ತು. ನಡುಗುತ್ತಲೇ ಹಾಡಿದ ಹಾಡು ಅದು. ಬೆಳೆ ಹೋದದ್ದಕ್ಕೆ ಅವನು ಸ್ತೋತ್ರ ಹೇಳಲಿಲ್ಲ. ಬೆಳೆ ಹೋದ ಮೇಲೂ ತನ್ನ ದೇವರಿಗೆ ಹೇಳಿದನು.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ ಮಣ್ಣಾದವು. ಅದಾದ ಮೇಲಿನ ಒಂದು ಭಾನುವಾರ ನಮ್ಮಲ್ಲಿ 46ನೆಯ ಕೀರ್ತನೆ ಓದಿದರು: ಭೂಮಿಯು ಮಾರ್ಪಟ್ಟರೂ, ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ನಮಗೇನೂ ಭಯವಿಲ್ಲ. ಅಷ್ಟು ವರ್ಷ ಆ ವಾಕ್ಯವನ್ನು ಒಂದು ಅಲಂಕಾರವೆಂದು ಮಕ್ಕಳಿಗೆ ಪಾಠ ಮಾಡಿದ್ದೆ. ಆ ದಿನ ಓದುತ್ತಿದ್ದವರ ಗಂಟಲು ಕಟ್ಟಿತು, ಮುಂದಿನ ಸಾಲನ್ನು ಸಭೆಯೇ ಎತ್ತಿಕೊಂಡು ಓದಿ ಮುಗಿಸಿತು. ನಿಮಗೆ ಈ ವರ್ಷ ಸ್ತೋತ್ರ ಹೇಳಲು ಬಾಯಿ ಬಾರದಿದ್ದರೆ ಸುಮ್ಮನೆ ಬಂದು ನಮ್ಮ ನಡುವೆ ಕುಳಿತುಕೊಳ್ಳಿ. ನಿಮ್ಮ ಸಾಲನ್ನು ನಾವು ಓದುತ್ತೇವೆ.

ಹಳೆಯ ಊರೇ ನೆನಪಾಗುತ್ತದೆ. ಅಲ್ಲಿ ಎಲ್ಲವೂ ಚೆನ್ನಾಗಿತ್ತು. ಹೊಸ ಜಾಗಕ್ಕೆ ಮನಸ್ಸು ಹೊಂದುತ್ತಿಲ್ಲ.

ನೆನಪಾಗಲಿ, ಅದರಲ್ಲಿ ತಪ್ಪಿಲ್ಲ. ಒಂದನ್ನು ಮಾತ್ರ ಗಮನಿಸಿ. ಅರಣ್ಯಕಾಂಡ 11ರಲ್ಲಿ ಜನ ಐಗುಪ್ತದ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಂದೊಂದಾಗಿ ಎಣಿಸಿ ಅಳುತ್ತಾರೆ. ಅಲ್ಲಿ ಗುಲಾಮರಾಗಿ ಇಟ್ಟಿಗೆ ಹೊತ್ತದ್ದು, ಬೆನ್ನ ಮೇಲೆ ಏಟು ಬಿದ್ದದ್ದು ಆ ಪಟ್ಟಿಯಲ್ಲಿ ಇಲ್ಲ. ನೆನಪು ಹೀಗೆ ಒಳ್ಳೆಯದನ್ನಷ್ಟೇ ಆರಿಸಿ ಇಡುತ್ತದೆ. ಹೊಸ ಊರಿಗೆ ನ್ಯಾಯ ಸಿಗಬೇಕಾದರೆ ಹಳೆಯ ಊರನ್ನು ಪೂರ್ತಿಯಾಗಿ ನೆನಪಿಸಿಕೊಳ್ಳಬೇಕು.

ನಮ್ಮ ಸಭೆಯೇ ಬದಲಾಗುತ್ತಿದೆ. ಪಾದ್ರಿ ಅಯ್ಯನವರಿಗೆ ವರ್ಗವಾಯಿತು, ಹೊಸಬರು ಹೊಸ ಹಾಡು, ಪರದೆ, ಕೀಬೋರ್ಡ್ ತಂದರು. ಮನಸ್ಸು ಒಗ್ಗುತ್ತಿಲ್ಲ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಹಳೆಯ ಕೀರ್ತನೆ ಪುಸ್ತಕದ ಹಾಡುಗಳೆಂದರೆ ನನಗೂ ಪ್ರಾಣ. ಆದರೆ ಇವತ್ತು ಹಳೆಯದು ಎಂದು ನಾವು ಹಿಡಿದುಕೊಂಡಿರುವುದೂ ಒಂದು ಕಾಲಕ್ಕೆ ಹೊಸದಾಗಿಯೇ ಬಂದದ್ದು. ಹಾಸನ ಸೀಮೆಯಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮೆಥಡಿಸ್ಟ್ ಮಿಷನ್. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೆಥಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದಾದರು. ಆ ದಿನ ಎಷ್ಟು ಜನ ಹಿರಿಯರಿಗೆ ಕಸಿವಿಸಿಯಾಗಿರಬೇಡ! ಕಥೋಲಿಕ ಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಪೂಜೆ ಕನ್ನಡಕ್ಕೆ ಬಂತು. ಅದೇ ಕಾಲದಲ್ಲಿ, 1963ರಲ್ಲಿ, ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಹಾಸನವೂ ಅದಕ್ಕೆ ಸೇರಿತು. ಕನ್ನಡದಲ್ಲಿ ಪೂಜೆ ಕೇಳಿ ಬೆಳೆದ ಇಂದಿನ ಅಜ್ಜಿಯರಿಗೆ ಅದು ಹೊಸದೆಂದೇ ಅನ್ನಿಸುವುದಿಲ್ಲ.

ಹೊಸ ಅಯ್ಯನವರ ಮನೆಗೆ ಒಂದು ಸಂಜೆ ಹೋಗಿ. ಅವರೂ ಸಾಮಾನು ಕಟ್ಟಿಕೊಂಡು, ಮಕ್ಕಳ ಶಾಲೆ ಬಿಡಿಸಿಕೊಂಡು, ಗುರುತಿಲ್ಲದ ಊರಿಗೆ ಬಂದವರು.

ಸಾವಿನ ಮನೆಯಲ್ಲಿ ಎಲ್ಲವೂ ದೇವರ ಚಿತ್ತ ಎಂದು ಸಮಾಧಾನ ಹೇಳಬಹುದೇ?

ನಾನು ಹೇಳುವುದಿಲ್ಲ. ನನ್ನ ಗಂಡ ತೀರಿಕೊಂಡ ವಾರ ಆ ಮಾತನ್ನು ಎಷ್ಟು ಜನರಿಂದ ಕೇಳಿದೆನೆಂದರೆ, ಬಾಗಿಲಿನಲ್ಲಿ ಚಪ್ಪಲಿ ಸದ್ದಾದರೆ ಎದೆ ಕುಗ್ಗುತ್ತಿತ್ತು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಎನ್ನುವ ರೋಮಾಪುರದವರಿಗೆ 8:28 ಸತ್ಯವಾದ ಮಾತು. ಅದನ್ನು ದುಃಖಿತರು ತಾವೇ ಒಂದು ದಿನ ಕಂಡುಕೊಂಡು ಹೇಳಬೇಕು, ಹೊರಗಿನವರು ಮೊದಲ ದಿನವೇ ಅವರ ಕೈಗೆ ತುರುಕಬಾರದು. ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಯೇಸು ಸ್ವಾಮಿ ಅವನ ಸಮಾಧಿಯ ಬಳಿ ಕಣ್ಣೀರು ಬಿಟ್ಟನು. ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಬಾಯಿ ತೆರೆದ ಮೇಲೆಯೇ ಅವರು ಎಡವಿದ್ದು.

ಆ ವಾರ ನಮ್ಮ ಬೀದಿಯ ಒಬ್ಬರು, ಕ್ರೈಸ್ತರಲ್ಲದವರು, ದಿನಾ ಬೆಳಿಗ್ಗೆ ಒಂದು ಪಾತ್ರೆ ಗಂಜಿ, ಒಂದು ಚೂರು ಉಪ್ಪಿನಕಾಯಿ ತಂದಿಟ್ಟು, ನಾನು ಕುಡಿಯುವವರೆಗೆ ಎದುರಿಗೆ ಕುಳಿತು, ಪಾತ್ರೆ ತೊಳೆದುಕೊಂಡು ಹೋಗುತ್ತಿದ್ದರು. ಅವರು ಏನನ್ನೂ ಹೇಳಲಿಲ್ಲ. ದೇವರು ನನ್ನನ್ನು ಬಿಟ್ಟಿಲ್ಲ ಎಂದು ನನಗೆ ಆ ಗಂಜಿಯಲ್ಲಿ ತಿಳಿಯಿತು.

ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ. ಹೆಚ್ಚು ಪ್ರಾರ್ಥಿಸಿದರೆ ಸರಿಹೋಗುತ್ತದೆಯೇ?

ಪ್ರಾರ್ಥಿಸಿ, ಅದರ ಜೊತೆಗೆ ವೈದ್ಯರನ್ನೂ ಕಾಣಿ. ಪ್ರವಾದಿ ಎಲೀಯನು ಜಾಲಿಯ ಗಿಡದ ಕೆಳಗೆ ಕುಳಿತು ನನ್ನ ಪ್ರಾಣ ತೆಗೆದುಬಿಡು ಎಂದು ಕೇಳಿದಾಗ ದೇವದೂತನು ಅವನನ್ನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟನು, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟನು, ಮತ್ತೆ ಮಲಗಿಸಿ ಮತ್ತೆ ಉಣ್ಣಿಸಿದನು. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಂಡನು. ಶರೀರ, ಮನಸ್ಸುಗಳ ಆರೈಕೆಯೂ ದೇವರ ಕೈಕೆಲಸ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಿದರೆ ಅವರ ಮಾತಿಗೆ ಕಿವಿಗೊಡಬೇಡಿ. ಸಾಯುವ ಯೋಚನೆ ಬಂದ ರಾತ್ರಿ ಒಬ್ಬರೇ ಇರಬೇಡಿ, ಯಾರನ್ನಾದರೂ ಎಬ್ಬಿಸಿ.

ಪ್ರಾರ್ಥನೆಗೆ ಮಾತೇ ಬರುವುದಿಲ್ಲ. ಆಗ?

ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಮಾರ್ಕ 9ರ ಆ ತಂದೆ ಹೇಳಿದ ಒಂದೇ ಸಾಲು ಸಾಕು. ಅದೂ ಬಾರದಿದ್ದರೆ ಕರ್ತನೇ ಎನ್ನಿ. ಉಳಿದದ್ದನ್ನು ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ಬೇಡಿಕೊಳ್ಳುತ್ತಾನೆ ಎಂದು ಪೌಲನು ಬರೆದಿದ್ದಾನೆ.

ನಾನು ಕ್ರೈಸ್ತನಲ್ಲ. ನಿಮ್ಮ ಕೂಟಕ್ಕೆ ಬಂದು ಕುಳಿತುಕೊಳ್ಳಬಹುದೇ?

ಬನ್ನಿ. ಯಾರೂ ಏನನ್ನೂ ಒತ್ತಾಯಿಸುವುದಿಲ್ಲ. ಕಾಫಿ ಎಲ್ಲರಿಗೂ ಇದೆ.

ಮನೆ ಬದಲಿಸುತ್ತಿದ್ದೇವೆ. ಮಕ್ಕಳು ಅಳುತ್ತಿದ್ದಾರೆ. ದೇವರನ್ನು ನಂಬಿ ಎಂದು ಅವರಿಗೆ ಹೇಗೆ ಹೇಳಿಕೊಡುವುದು?

ಹೇಳಿಕೊಡುವುದಕ್ಕಿಂತ ಅವರು ನಿಮ್ಮನ್ನು ನೋಡಿ ಕಲಿಯುವುದೇ ಹೆಚ್ಚು. ನನ್ನ ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ತೋಟ ಕೈ ಬದಲಾಯಿತು. ಹೊಸ ಮಾಲೀಕರು ತಮ್ಮದೇ ರೈಟರನ್ನು ಕರೆತಂದರು. ಕುಯ್ಲು ಮುಗಿದ ಮೇಲೆ ಒಂದು ತಿಂಗಳಲ್ಲಿ ಮನೆ ಬಿಡಬೇಕೆಂದು ಹೇಳಿದರು. ಅಪ್ಪ ಎರಡು ದಿನ ಮಾತನಾಡಲಿಲ್ಲ. ನಾನು ಬೆಕ್ಕನ್ನು ಅಪ್ಪಿಕೊಂಡು ಅಟ್ಟ ಹತ್ತಿ ಕುಳಿತೆ.

ಹೊರಡುವ ದಿನ ಸಾಮಾನೆಲ್ಲ ಲಾರಿಗೆ ಏರಿತ್ತು. ಅಮ್ಮ ಮಾತ್ರ ಒಳಗೇ ಇದ್ದರು. ಹೋಗಿ ನೋಡಿದರೆ ಇಕ್ಕಳ ಹಿಡಿದು ಗೋಡೆಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಕಿತ್ತ ಮೊಳೆಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು, ಕತ್ತಿಯ ಹಿಂಬದಿಯಿಂದ ತಟ್ಟಿ, ಹೊರಳಿಸಿ ಮತ್ತೆ ತಟ್ಟಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೆಟ್ಟಗಿದೆಯೇ ಎಂದು ನೋಡಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಇದೆಲ್ಲ ಯಾಕಮ್ಮ ಎಂದು ಕೇಳಿದೆ. ‘ಅಲ್ಲಿಯೂ ಗೋಡೆ ಇರುತ್ತದಲ್ಲ ಮಗಳೇ’ ಎಂದರು. ಅಳುತ್ತಿದ್ದರು, ಕೈ ನಿಂತಿರಲಿಲ್ಲ. ಹಾಸನದ ಬಾಡಿಗೆ ಮನೆಗೆ ಬಂದ ಸಂಜೆ ಒಲೆ ಹೂಡುವುದಕ್ಕೂ ಮೊದಲು ಆ ಡಬ್ಬಿಯಿಂದ ಒಂದು ಮೊಳೆ ತೆಗೆದು ಹೊಡೆದು, ವಾಕ್ಯದ ಕ್ಯಾಲೆಂಡರ್ ತೂಗುಹಾಕಿದರು. ಆ ತಿಂಗಳ ವಾಕ್ಯ ಯಾವುದೆಂದು ನನಗೆ ನೆನಪಿಲ್ಲ. ಮೊಳೆ ಹೊಡೆದ ಸದ್ದು ನೆನಪಿದೆ.

ನಿಮ್ಮ ಮಕ್ಕಳು ಅಳಲಿ, ಬೆಕ್ಕನ್ನು ಅಪ್ಪಿಕೊಳ್ಳಲಿ. ನಿಮ್ಮ ಕಣ್ಣೀರನ್ನೂ ಅವರಿಂದ ಬಚ್ಚಿಡಬೇಡಿ. ಅವರ ಕೈಗೂ ಒಂದು ಕೆಲಸ ಕೊಡಿ.

ಇನ್ನು ಎಷ್ಟು ದಿನ? ಈ ಬದಲಾವಣೆಯ ಕಾಲ ಮುಗಿಯಿತೆಂದು ಹೇಗೆ ತಿಳಿಯುತ್ತದೆ?

ನಾಲ್ವತ್ತು ವರ್ಷ ಸುರಿದ ಮನ್ನ ನಿಂತದ್ದನ್ನು ಯೆಹೋಶುವನ ಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತದೆ. ಕಾನಾನಿನ ಧಾನ್ಯ ತಿಂದ ಮರುದಿನ ಮನ್ನ ಬೀಳಲಿಲ್ಲ, ಅಷ್ಟೇ. ತುತ್ತೂರಿ ಊದಲಿಲ್ಲ, ಮೋಡ ಬಿರಿಯಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆಯ ಅಟ್ಟದಲ್ಲಿ ಆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದಿತ್ತು. ಅದರೊಳಗೆ ಒಂದೂ ಮೊಳೆ ಇರಲಿಲ್ಲ. ಬೂದಿ ಸವರಿ ಬಟ್ಟೆಯಲ್ಲಿ ಕಟ್ಟಿಟ್ಟ ಅವರೆ ಬೀಜವಿತ್ತು. ಮೊಳೆಗಳು ಯಾವಾಗ ಮುಗಿದವು ಎಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಬೀಜವನ್ನು ಆ ವರ್ಷ ಹಿತ್ತಿಲಿನಲ್ಲಿ ಹಾಕಿದೆವು.